ಚಿರತೆ ನಡಿಗೆ

ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪನ್ನು ಮರಕ್ಕೆ ಕಟ್ಟಿದ ಮೇಲೆ ಅದರ ಮುಂದೆ ಯಾರಾದರೂ ಅಂಬೆಗಾಲಲ್ಲಿ ದಾಟಬೇಕು. ಕ್ಯಾಮೆರಾ ಚಿರತೆಯ ಎತ್ತರಕ್ಕೆ ಸರಿಯಾಗಿ ಕೂತಿದ್ದರೆ ಫೋಟೊ ಬೀಳುತ್ತದೆ. ಎಂಎಸ್ಸಿ ಮುಗಿಸಿ ನಾವು ಸೇರಿದ್ದ ವನ್ಯಜೀವಿ ತರಬೇತಿಯಲ್ಲಿ ಇದಕ್ಕೆ ಚಿರತೆ ನಡಿಗೆ ಎನ್ನುತ್ತಿದ್ದರು. ನಡೆಯುವವಳು ಪ್ರತಿಸಲವೂ ನಾನೇ.

ಸರದಿ ಪ್ರಕಾರ ಮಾಡಿ ಎಂದು ಮೇಷ್ಟ್ರು ಮೊದಲ ದಿನ ಹೇಳಿದ್ದರು. ಹೇಳಿದ್ದರೇ? ಹೇಳಿದ್ದರೆ ನನ್ನ ಸಿಟ್ಟಿಗೆ ಅನುಕೂಲ, ಅದಕ್ಕೇ ನನ್ನ ನೆನಪಿನ ಮೇಲೇ ಅನುಮಾನ.

ನಾವು ಅಭ್ಯಾಸ ಮಾಡುತ್ತಿದ್ದದ್ದು ಯಲಹಂಕದಾಚೆಯ ನೀಲಗಿರಿ ತೋಪಿನಲ್ಲಿ. ಪಕ್ಕದಲ್ಲಿ ಸೈಟು ಮಾಡಿಸಲು ಕಲ್ಲು ನೆಡಿಸುತ್ತಿದ್ದ ಜಮೀನಿನ ಯಜಮಾನರು ಒಮ್ಮೆ ಕೂಗಿದರು: "ಏನ್ ಕಳ್ಕೊಂಡ್ಯವ್ವಾ? ಇಂಗ್ ಮಂಡಿ ಊರ್ಕಂಡು ಉಡುಕ್ತಿದ್ದೀಯ!"

"ಮಾನ ಕಳ್ಕೊಂಡವ್ಳೆ ಯಜಮಾನ್ರೇ," ಎಂದ ಜೊತೆಯವನೊಬ್ಬ. ಎಲ್ಲರೂ ನಕ್ಕರು. ಮೇಷ್ಟ್ರೂ.

ಕೋರ್ಸ್ ಮುಗಿದಾಗ ಇಬ್ಬರನ್ನು ಕಾಡಿನ ಸಮೀಕ್ಷೆಗೆ ಕಳಿಸುವವರಿದ್ದರು. ಆರಿಸುವವರು ಅದೇ ಮೇಷ್ಟ್ರು. ನನಗೆ ಆ ಜಾಗ ಬೇಕಿತ್ತು, ಅದಕ್ಕೇ ಮಂಡಿ ಊರುತ್ತಿದ್ದೆ.

ಒಂದು ದಿನ ಕ್ಲಾಸಿನಲ್ಲಿ ಪರದೆಯ ಮೇಲೆ ನನ್ನ ಫೋಟೊ ಬಂತು, ಅಂಬೆಗಾಲಲ್ಲಿರುವಾಗ ಹಿಂದಿನಿಂದ ತೆಗೆದದ್ದು. "ನಮ್ಮ ಬ್ಯಾಚಿನ ಹೆಣ್ಣು ಚಿರತೆ. ವಯಸ್ಸು ಅಂದಾಜು ಮಾಡ್ರಪ್ಪ," ಎಂದರು ಮೇಷ್ಟ್ರು.

ಮರುವಾರ ತೋಪಿನಲ್ಲಿ, "ಎಲ್ಲಿ ನಮ್ಮ ಚಿರತೆ?" ಎಂದರು.

"ಇವತ್ತು ನೀವೇ ಆಗಿ ಸರ್."

"ಏನಮ್ಮಾ, ತಮಾಷೆನಾ?"

"ಅಲ್ಲ ಸರ್."

ಅವರು ಅಂಬೆಗಾಲಿಟ್ಟರು ಎಂದು ಬರೆಯಲು ಕೈ ತುರಿಸುತ್ತದೆ. ಇಡಲಿಲ್ಲ. ಇಸ್ತ್ರಿ ಪ್ಯಾಂಟು. ಲೆನ್ಸಿನ ಮುಂದೆ ಅಂಗೈ ಆಡಿಸಿದರು, ಕೆಂಪು ದೀಪ ಮಿನುಗಿತು. "ಸಾಕು, ನಡೀರಿ."

ಮುಂದಿನ ವಾರ ಕಾರ್ಡ್ ತೆಗೆದು ನೋಡಿದರೆ ಕುರಿ ಕಾಯುವವರ ಲುಂಗಿ ಗಂಟು, ಚೌಕಟ್ಟಿನ ತಳದಲ್ಲಿ ನಾಯಿಗಳ ಕಿವಿತುದಿ. ಕ್ಯಾಮೆರಾ ತೀರಾ ಎತ್ತರವಾಗಿತ್ತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. "ಟೆಸ್ಟ್ ಮಾಡಲ್ಲ ಅಂತ ಹಟ ಹಿಡಿದ್ರೆ ಇಷ್ಟೇ," ಎಂದು ಮೇಷ್ಟ್ರು ನನ್ನ ಕಡೆ ನೋಡಿದರು.

ಸಮೀಕ್ಷೆಗೆ ಹೋದವರಲ್ಲಿ ಮಾನದ ಮಾತಾಡಿದವನೂ ಒಬ್ಬ. ನನ್ನನ್ನು ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿಕೊಂಡರು. "ಮುಂದಿನ ವರ್ಷ ನೋಡೋಣಮ್ಮ. ಅಲ್ಲೀವರ್ಗೂ ಹೊಸಬರಿಗೆ ನಡಿಗೆ ಕಲಿಸ್ಕೊಡು. ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ."

"ಮೊದಲು ನೀವು ಕಲೀರಿ ಸರ್" ಎಂಬ ಉತ್ತರವನ್ನು ಅವರಿಗೇ ಕೊಟ್ಟೆನೋ, ಮತ್ತಿಕೆರೆ ಬಸ್ಸಿನಲ್ಲಿ ನನಗೆ ನಾನೇ ಕೊಟ್ಟುಕೊಂಡೆನೋ, ಹೇಳಲಾರೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.