ಊಟವಿಲ್ಲದ ದಿನದ ಮಾತ್ರೆ

ನನ್ನ ಚೀಟಿಯಲ್ಲಿ ಡಾಕ್ಟರು ಬರೆದಿದ್ದುದು ಇಷ್ಟೇ: ದಿನಕ್ಕೆ ಎರಡು ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ. ಹನ್ನೊಂದು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಆಮೇಲೆ, ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು ಬೇರೆಯವರ ಕಾಗದಗಳಲ್ಲಿ ಸಂದು ಹುಡುಕಿದ ನನ್ನ ಬುದ್ಧಿ ಈ ಚೀಟಿಯಲ್ಲೂ ಒಂದು ಸಂದು ಹುಡುಕಿತು. ಊಟವೇ ಇಲ್ಲದ ದಿನ ‘ಊಟವಾದ ಮೇಲೆ’ ಎನ್ನುವುದು ಯಾವಾಗ?

ನನಗಿರುವುದು ಮೂರ್ಛೆ ರೋಗ. ನನ್ನ ತವರು ಮೈಸೂರಿನಲ್ಲಿ ಫಿಟ್ಸ್ ಎನ್ನುತ್ತಾರೆ, ಚೆನ್ನೈಯಲ್ಲಿ ವಲಿಪ್ಪು. ಯಾವ ಹೆಸರಿನಲ್ಲಿ ಹೇಳಿದರೂ ಕೇಳಿದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಮಾತ್ರೆ ಶುರುವಾಗುವ ಮುಂಚೆ ಕೊನೆಯ ಸಲ ಬಂದದ್ದು ವೇಲಚೇರಿ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಆಫೀಸಿನಿಂದ ಮರಳುವಾಗ. ಬರುವ ಮುಂಚೆ ಪ್ರತಿ ಸಲವೂ ಒಂದೇ ಸೂಚನೆ: ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ. ಹತ್ತಿರದಲ್ಲೆಲ್ಲೂ ಹಾಲಿರುವುದಿಲ್ಲ. ನಾಲ್ಕೈದು ಉಸಿರು ಎಳೆಯುವಷ್ಟರಲ್ಲಿ ನಾನೂ ಇರುವುದಿಲ್ಲ. ಆ ಸಂಜೆ ಕಣ್ಣು ಬಿಟ್ಟಾಗ ಹೂ ಮಾರುವವಳ ತೊಡೆಯ ಮೇಲೆ ತಲೆಯಿತ್ತು, ಯಾರೋ ಕೈಗೆ ತುರುಕಿದ ಕಬ್ಬಿಣದ ಬೀಗದ ಕೈ ಅಂಗೈಯಲ್ಲಿ ಗುರುತು ಒತ್ತಿತ್ತು. ಮಾತ್ರೆ ಶುರುವಾದ ಮೇಲೆ ಅದು ಮತ್ತೆ ಬರಲಿಲ್ಲ. ಹೋಯಿತೋ, ಎಲ್ಲೋ ಕೂತು ಕಾಯುತ್ತಿತ್ತೋ, ಹೇಳುವವರು ಯಾರೂ ಇರಲಿಲ್ಲ.

ಮಾತ್ರೆ ಸುಮ್ಮನೆ ಕಾಪಾಡುವುದಿಲ್ಲ. ಬೆರಳು ನಡುಗಿಸಿತು, ಕೂದಲು ಉದುರಿಸಿತು, ಮೈ ಊದಿಸಿತು. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ತಲೆಯೊಳಗಿನ ಮಬ್ಬು. ಸಾರಿಗೆ ಹಾಕುವ ಕೊತ್ತಂಬರಿಯ ಹೆಸರು ಹುಡುಕುತ್ತ ಅಂಗಡಿಯವನ ಮುಂದೆ ಬಾಯಿ ತೆರೆದು ನಿಂತಿದ್ದೇನೆ. ಕನ್ನಡದಲ್ಲೂ ಸಿಗದು, ತಮಿಳಿನಲ್ಲೂ ಸಿಗದು. ಐವತ್ತು ದಾಟಿದವಳಿಗೆ ಇದೆಲ್ಲ ಸಹಜ ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಸಮಾಧಾನ ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹನ್ನೊಂದನೆಯ ವರ್ಷ ಡಾಕ್ಟರನ್ನು ನೇರವಾಗಿ ಕೇಳಿದೆ, ನಿಲ್ಲಿಸಬಹುದೇ ಎಂದು.

“ನಿರುತ್ತಲಾಮ್ಮಾ,” ಎಂದರು. ನಿಲ್ಲಿಸಬಹುದು, ಆದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ, ತಮ್ಮ ಕಣ್ಣೆದುರಿಗೇ. ಒಮ್ಮೆಗೇ ಬಿಟ್ಟರೆ ಅಪಾಯ. ನಿಧಾನವಾಗಿ ಬಿಟ್ಟರೂ ಮತ್ತೆ ಬರುವುದಿಲ್ಲವೆಂದು ಬರೆದುಕೊಡಲಾರೆ, ಯೋಚಿಸಿ ಹೇಳಿ ಎಂದರು. ಯೋಚಿಸಲು ನಾನು ಇನ್ನೂ ಉಸಿರೆಳೆದುಕೊಳ್ಳುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಗಂಡ, ಚೆನ್ನೈಯಲ್ಲೇ ಹುಟ್ಟಿ ಬೆಳೆದ ರೈಲ್ವೆ ಮನುಷ್ಯ, “ಬೇಡ ಡಾಕ್ಟರ್, ಇಪ್ಪಡಿಯೇ ಇರ್ಲಿ. ನಲ್ಲಾ ಇದಾಳಲ್ಲ,” ಎಂದು ಕಡತ ಮುಚ್ಚಿಬಿಟ್ಟರು. ಹೀಗೇ ಇರಲಿ, ಚೆನ್ನಾಗಿದ್ದಾಳಂತೆ. ತಲೆ ನನ್ನದು, ತೀರ್ಮಾನ ಅವರದು.

ನಮ್ಮದು ಮಾಧ್ವರ ಮನೆ. ಎಂಬತ್ತೊಂದರ ಅತ್ತೆ ಬಾಗಲಕೋಟೆಯ ಕಡೆಯವರು; ಮದುವೆಯಾಗಿ ಮದರಾಸಿಗೆ ಬಂದು ಅರವತ್ತು ವರ್ಷ ಕಳೆದರೂ ಅವರ ಮಾತಿಗೆ ಸಮುದ್ರದ ಗಾಳಿ ತಾಗಿಲ್ಲ. ಅವರಿರುವವರೆಗೂ ಮನೆಯಲ್ಲಿ ತಿಂಗಳಿಗೆ ಎರಡು ಸಲ ಮೂರು ದಿನದ ವ್ರತ. ದಶಮಿಯ ದಿನ ಮಧ್ಯಾಹ್ನ ಒಂದೇ ಊಟ. ಏಕಾದಶಿಗೆ ಪೂರಾ ಉಪವಾಸ. ದ್ವಾದಶಿಯಂದು ಬೆಳಿಗ್ಗೆಯೇ ಪಾರಣೆಯ ಊಟ, ರಾತ್ರಿ ಮತ್ತೆ ಇಲ್ಲ. ಚೀಟಿಯನ್ನು ಅಕ್ಷರಶಃ ಓದಿದರೆ ಮೂರು ದಿನದ ಆರು ಮಾತ್ರೆಗಳಲ್ಲಿ ನುಂಗಬೇಕಾದದ್ದು ಎರಡೇ.

ಅತ್ತೆ ಹಾಗೆ ಓದುವವರಲ್ಲ. ಮಾತ್ರೆ ಶುರುವಾದ ಹೊಸತರಲ್ಲೇ ನನಗೆ ಹೇಳಿದ್ದರು: “ಔಷಧಕ್ಕ ದೋಷ ಇಲ್ಲವಾ, ಶಾಸ್ತ್ರದಾಗ ಹೇಳ್ಯಾರ. ಏಕಾದಶಿ ಇದ್ರೂ ಗುಳಗಿ ತಗೊಳ್ಳಿಕ್ಕೇ ಬೇಕು.” ಮಾತ್ರೆಗೆ ಅವರು ಗುಳಗಿ ಎನ್ನುತ್ತಾರೆ. ಅಂದರೆ ಶಾಸ್ತ್ರ ಬಾಗಿಲು ತೆರೆದೇ ಇಟ್ಟಿತ್ತು, ಮುಚ್ಚಿಕೊಂಡವಳು ನಾನು. ದೇವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವಳು. ಗಂಡನಿಗೂ ಡಾಕ್ಟರಿಗೂ ಹೇಳದೆ, ಏಕಾದಶಿಯ ನೆಪದಲ್ಲಿ, ನನ್ನನ್ನು ನಾನೇ ಪರೀಕ್ಷೆ ಮಾಡಿ ನೋಡಲು ಹೊರಟೆ. ಅತ್ತೆ “ನುಂಗಿದಿ?” ಎಂದಾಗಲೆಲ್ಲ “ನುಂಗಿದೆ” ಎನ್ನುತ್ತಿದ್ದೆ.

ಮೊದಲ ದ್ವಾದಶಿಯ ಬೆಳಿಗ್ಗೆ ನನಗೆ ಇನ್ನೂ ನೆನಪಿದೆ. ತರಕಾರಿ ಗಾಡಿಯವಳಿಂದ ಅಗಸೆ ಸೊಪ್ಪು ಕೊಳ್ಳುತ್ತಿದ್ದೆ. ಅಗಸೆ, ಅಗತ್ತಿಕೀರೆ, ಎರಡೂ ಹೆಸರು ಕರೆಯದೆ ನಾಲಿಗೆಗೆ ಬಂದವು. ಬೆರಳು ನಡುಗಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡ ಹಾಗೆ ಎದುರು ಮನೆಯ ಕಿಟಕಿಯ ಸರಳು ಕೂಡ ಬಿಡಿಬಿಡಿಯಾಗಿ ಕಂಡಿತು. ಸಂತೋಷದಿಂದ ಅಳು ಬಂತು. ಇಷ್ಟು ವರ್ಷ ಈ ಹೆಂಗಸು ಎಲ್ಲಿದ್ದಳು ಎಂದು ಕೇಳಿಕೊಂಡೆ.

ಆಮೇಲೆ ನಾನು ಏಕಾದಶಿಗಾಗಿ ಕಾಯತೊಡಗಿದೆ. ಪಂಚಾಂಗ ನೋಡಿ ದಿನ ಎಣಿಸುವ ನನ್ನ ಭಕ್ತಿ ಕಂಡು ಅತ್ತೆ ನೆಂಟರ ಬಳಿ ಹೊಗಳಿಕೊಂಡರು.

ಸೂಚನೆಗಳು ಇರಲಿಲ್ಲವೆಂದಲ್ಲ. ಮೂರನೆಯ ತಿಂಗಳು ಒಂದು ದ್ವಾದಶಿಯಂದು ಕೈಯಲ್ಲಿದ್ದ ಹಿತ್ತಾಳೆ ತಂಬಿಗೆ ಯಾರೋ ಕಿತ್ತೆಸೆದಂತೆ ಹಾರಿ ಗೋಡೆಗೆ ಬಡಿಯಿತು. ಕೈ ಒದ್ದೆಯಿತ್ತು ಎಂದೆ. ಇನ್ನೊಂದು ದ್ವಾದಶಿ ಎದ್ದಾಗ ನಾಲಿಗೆಯ ಬದಿ ಹರಿದು ದಿಂಬಿನ ಮೇಲೆ ಕಂದು ಕಲೆ. ನಿದ್ದೆಯಲ್ಲಿ ಕಚ್ಚಿಕೊಂಡಿರಬೇಕು ಎಂದುಕೊಂಡು, ಯಾರಿಗೂ ಕಾಣದ ಹಾಗೆ ದಿಂಬಿನ ಚೀಲ ಒಗೆದು ಹಾಕಿದೆ. ನಿದ್ದೆಯಲ್ಲಿ ನಾಲಿಗೆ ಕಚ್ಚಿಕೊಳ್ಳುವವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಕ್ಲೇಮಿನಲ್ಲಿ ಇಂಥ ಎರಡು ಸಂಗತಿ ಮುಚ್ಚಿಟ್ಟಿದ್ದರೆ ಆ ಕಡತವನ್ನು ಅಲ್ಲೇ ವಾಪಸು ಮಾಡುತ್ತಿದ್ದೆ. ನನ್ನದಕ್ಕೆ ನಾನೇ ಸಹಿ ಹಾಕಿ ಮುಂದೆ ಕಳಿಸಿದೆ.

ಭಾದ್ರಪದ ಬಂತು. ಆ ಸಲ ದ್ವಾದಶಿಗೆ ಶ್ರವಣ ನಕ್ಷತ್ರ ಕೂಡಿ ಬಂದದ್ದರಿಂದ ಉಪವಾಸ ಒಂದಲ್ಲ, ಎರಡು ದಿನ. ಏಕಾದಶಿ, ದ್ವಾದಶಿ ಎರಡೂ ಖಾಲಿ ಹೊಟ್ಟೆ. ಪಾರಣೆ ತ್ರಯೋದಶಿಯ ಬೆಳಿಗ್ಗೆ. ಚಾತುರ್ಮಾಸ್ಯದ ಹಾಲಿನ ವ್ರತವೂ ಆಗಲೇ ಶುರು, ಇನ್ನೊಂದು ತಿಂಗಳು ಮನೆಗೆ ಹಾಲು ಬರುವಂತಿಲ್ಲ. ನನ್ನ ಗಂಡ ಕಾಫಿಗೆಂದು ಬೀದಿ ತುದಿಯ ಅಂಗಡಿಗೆ ಹೋಗಿ ಬರತೊಡಗಿದ್ದರು. ದಶಮಿಯ ಮಧ್ಯಾಹ್ನ ನುಂಗಿದ ಮಾತ್ರೆಯೇ ಕೊನೆ. ಎರಡನೆಯ ದಿನ ಸಂಜೆ ಕಣ್ಣಂಚಿನಲ್ಲಿ ಏನೋ ಮಿನುಗಿದಂತೆ ಕಂಡಿತು. ತಿರುಗಿ ನೋಡಿದರೆ ಏನೂ ಇಲ್ಲ. ಆಗಲೂ ಎದ್ದು ಹೋಗಿ ನುಂಗಬಹುದಿತ್ತು. ಇನ್ನೊಂದು ಬೆಳಗಿನ ಮಾತು ತಾನೇ ಎಂದುಕೊಂಡೆ.

ತ್ರಯೋದಶಿಯ ಬೆಳಿಗ್ಗೆ ಏಳರೊಳಗೆ ಪಾರಣೆ ಮುಗಿಯಬೇಕು. ಸ್ನಾನ ಮಾಡಿ ಮಡಿ ಸೀರೆಯುಟ್ಟು ಒಲೆಯ ಮುಂದೆ ನಿಂತಿದ್ದೆ. ದೊಡ್ಡ ಪಾತ್ರೆಯಲ್ಲಿ ಹೆಸರುಬೇಳೆ ತೊವ್ವೆ ಕುದಿಯುತ್ತಿತ್ತು. ಅತ್ತೆ ನನ್ನ ಪಕ್ಕದಲ್ಲೇ ಗಿಡ್ಡ ಸ್ಟೂಲಿನ ಮೇಲೆ ಕೂತು ನೆಲ್ಲಿಕಾಯಿ ಬಿಡಿಸುತ್ತಿದ್ದರು. ನಾನು ಇಕ್ಕಳದಲ್ಲಿ ಪಾತ್ರೆಯ ಅಂಚು ಹಿಡಿದು ಮೇಲೆತ್ತಿದೆ.

“ಅಮ್ಮ, ಹಾಲು ಉಕ್ತಾ ಇದೆ ನೋಡಿ,” ಎಂದೆ.

ಅವರು ತಲೆಯೆತ್ತಿದರು. “ಹಾಲೆಲ್ಲೆದ ಮನ್ಯಾಗ? ವ್ರತ ಹಿಡದೇವಲ್ಲ.”

ಆ ಮಾತು ಕಿವಿಗೆ ಬಿದ್ದದ್ದು, ಅರ್ಥವಾದದ್ದು, ಪಾತ್ರೆಯನ್ನು ಕೆಳಗಿಡಬೇಕು ಎಂದುಕೊಂಡದ್ದು, ಮೂರೂ ನನಗೆ ಗೊತ್ತು. ಕೈಗೆ ಅದು ಗೊತ್ತಾಗುವಷ್ಟು ಸಮಯ ಇರಲಿಲ್ಲ.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಗಂಡನ ಮುಖ ಬೆಳ್ಳಗಾಗಿತ್ತು. ಬಾಯಲ್ಲಿ ರಕ್ತದ ರುಚಿ. ಗೋಡೆಯಿಂದ ತೊವ್ವೆ ಇಳಿಯುತ್ತಿತ್ತು. ನನ್ನ ಮುಖದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅತ್ತೆ ನಲ್ಲಿಯ ಕೆಳಗೆ ಎಡಗೈ ಹಿಡಿದು ನಿಂತಿದ್ದರು. ಮೊಣಕೈಯಿಂದ ಬೆರಳಿನವರೆಗೆ ಚರ್ಮ ಕೆಂಪಾಗಿ, ಮಣಿಕಟ್ಟಿನ ಹತ್ತಿರ ಆಗಲೇ ಸುಲಿದಿತ್ತು. ಪಾತ್ರೆ ನನ್ನ ಮೇಲೆ ಬೀಳದ ಹಾಗೆ ಅವರು ಬರಿಗೈಯಿಂದ ಅದನ್ನು ಆಚೆ ತಳ್ಳಿದ್ದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅತ್ತೆ.

“ನಾನೇ ಪಾತ್ರಿ ಜಗ್ಗಲಿಕ್ಕೆ ಹೋದೆ, ಕೈ ಜಾರ್ತು,” ಎಂದು ಅವರು ಮಗನಿಗೆ ಹೇಳಿದರು. ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟುವ ನರ್ಸಿಗೂ ಅದನ್ನೇ ಹೇಳಿದರು. ನನಗೆ ಮೂರ್ಛೆ ಬಂದದ್ದು ಎರಡು ದಿನದ ಉಪವಾಸದಿಂದ ಎಂದು ಮನೆಯವರು, ನೆರೆಯವರು ಎಲ್ಲರೂ ಒಪ್ಪಿಕೊಂಡರು. ಗಂಡ ಪಂಚಾಂಗವನ್ನು ಬೀರುವಿನ ಮೇಲೆ ಎಸೆದರು. ಪಾಪ, ದೇವರ ಮೇಲೆ ಬಿದ್ದ ಅಪವಾದವನ್ನು ನಾನು ಬಾಯಿಮುಚ್ಚಿಕೊಂಡು ನೋಡಿದೆ. ನಾಚಿಕೆಯಿಂದ ಅತ್ತೆಯ ಕೈಯ ಕಡೆ ನೋಡಲಾಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವರು ನನ್ನ ಮಂಚದ ಬಳಿ ಬಂದು ಕೂತರು. ಬಲಗೈಯಲ್ಲಿ ನನ್ನ ಮಾತ್ರೆಗಳ ಡಬ್ಬಿ.

“ನಾ ನಾಕನೇ ಇಯತ್ತೆ ತನಕ ಸಾಲಿ ಕಲ್ತಾಕಿ,” ಎಂದರು. “ಆದ್ರ ಎಣಸಲಿಕ್ಕೆ ಬರ್ತದ. ಭಾಳ ಉಳದಾವ.”

“ನನ್ನ ವ್ರತದ ಹೆಸರಿನ್ಯಾಗ ಮಾಡಿದಿ,” ಎಂದಷ್ಟೇ ಹೇಳಿ ಡಬ್ಬಿಯನ್ನು ತಮ್ಮ ಕೋಣೆಗೆ ಒಯ್ದರು.

ಡಾಕ್ಟರ ಮುಂದೆ ಒಬ್ಬಳೇ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಬ್ಬು ಕಡಿಮೆ ಮಾಡುವ ಬೇರೆ ಔಷಧಿ ಇದೆ, ನಿಧಾನವಾಗಿ ಬದಲಿಸಿ ನೋಡೋಣ, ಆದರೆ ಮೊದಲು ಆರು ತಿಂಗಳು ಇದನ್ನೇ ಒಂದೂ ತಪ್ಪಿಸದೆ ನುಂಗಿ ಎಂದರು. ಆಯಿತು ಎಂದೆ. ಮನೆಗೆ ಬಂದೆ. ದಿನಕ್ಕೆರಡು ನುಂಗಿದೆ. ವಾರ ಕಳೆಯುವಷ್ಟರಲ್ಲಿ ಬೆರಳು ಮತ್ತೆ ನಡುಗಿತು, ಪದಗಳು ಮತ್ತೆ ಕೈಕೊಟ್ಟವು.

ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅಷ್ಟೆಲ್ಲ ಆದ ಮೇಲೂ ನನ್ನ ಆಸೆ ಸತ್ತಿರಲಿಲ್ಲ. ಮುಂದಿನ ಏಕಾದಶಿಯ ಬೆಳಿಗ್ಗೆ ಗಂಡ ಡ್ಯೂಟಿಗೆ ಹೋಗಿದ್ದರು. ನನಗಿನ್ನು ಉಪವಾಸ ಕೂಡದೆಂದು ಮಾಡಿಟ್ಟಿದ್ದ ಇಡ್ಲಿ ತಿಂದು ಮುಗಿಸಿದ್ದೆ. ಅತ್ತೆ ತಂದಿಟ್ಟ ಮಾತ್ರೆ ಅಂಗೈಯಲ್ಲಿತ್ತು. ಇವತ್ತೊಂದು ದಿನ, ಒಂದೇ ಒಂದು, ಎಂದು ಒಳಗಿನಿಂದ ಅದೇ ಹೆಂಗಸು ಹೇಳುತ್ತಿದ್ದಳು, ಆ ಸ್ಪಷ್ಟ ಕಣ್ಣಿನವಳು. ಅವಳ ದನಿ ಎಷ್ಟು ಪ್ರೀತಿಯದ್ದಾಗಿತ್ತೆಂದರೆ ನನಗೆ ಹೆದರಿಕೆಯಾಯಿತು. ಬೆರಳುಗಳನ್ನು ಮಡಿಚಿ ಮುಷ್ಟಿ ಮಾಡಿಕೊಂಡೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಷ್ಟಿಯನ್ನು ನೋಡಿ ಒಳಗೆ ಹೋದರು. ಬಂದಾಗ ಬಲಗೈಯಲ್ಲಿ ನೀರು ತುಂಬಿದ ಲೋಟವಿತ್ತು, ಎಡಗೈಯ ಪಟ್ಟಿ ಎದೆಗೆ ಒತ್ತಿಕೊಂಡಿತ್ತು. ಮದುವೆಯಾದಂದಿನಿಂದ ಅವರು ಏಕಾದಶಿಯ ದಿನ ಒಂದು ಉದ್ಧರಣೆ ತೀರ್ಥ ಬಿಟ್ಟರೆ ಹನಿ ನೀರು ಬಾಯಿಗೆ ಹಾಕಿದವರಲ್ಲ. ಬಸುರಿಯಿದ್ದಾಗಲೂ ಇಲ್ಲ, ಮಾವ ತೀರಿಕೊಂಡ ವರ್ಷದ ಟೈಫಾಯಿಡಿನಲ್ಲೂ ಇಲ್ಲ. ನನಗೆ ತಂದ ನೀರು ಎಂದುಕೊಂಡು ಕೈ ಚಾಚಿದೆ.

ಅವರು ಕೊಡಲಿಲ್ಲ. ಲೋಟವನ್ನು ತಮ್ಮ ತುಟಿಗೇ ಇಟ್ಟುಕೊಂಡು, ನನ್ನನ್ನೇ ನೋಡುತ್ತ, ಅರ್ಧ ಲೋಟ ಗಟಗಟನೆ ಕುಡಿದರು.

“ಕುಡದೆ,” ಎಂದರು. ಗದ್ದದಿಂದ ನೀರು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. “ಇನ್ನ ನಿಂದು.”

ಉಳಿದರ್ಧ ನೀರಿನಲ್ಲಿ ಮಾತ್ರೆ ನುಂಗಿದೆ.

“ಬಾಯಿ ತೆಗಿ.”

ಐವತ್ತನಾಲ್ಕು ವರ್ಷದ ನಾನು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದೆ. ಅವರು ಬಗ್ಗಿ ನೋಡಿದರು. ಖಾಲಿ ಲೋಟ ತೆಗೆದುಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ನೋಡದೆ ಹೇಳಿದರು.

“ರಾತ್ರಿದೊಂದು ಅದ. ಆಗನೂ ಕುಡಿತೀನಿ.”