ಹಸಿರು ಹಕ್ಕಿಯ ಮೇಲೊಂದು ದೂರು

ಸಕ್ಕರೆ ಕಾಯಿಲೆ ಅಂತ ಡಾಕ್ಟರು ಅನ್ನ ಬಿಡಿಸಿದ ಮೇಲೆ ನಮ್ಮ ಮನೆಗೆ ನವಣೆ ಬಂದಿದೆ. ಇವತ್ತು ಬೆಳಿಗ್ಗೆ ಡಬ್ಬಿಗೆ ಸುರಿಯುವಾಗ ಒಂದು ಹಿಡಿ ನೆಲಕ್ಕೆ ಚೆಲ್ಲಿತು. ಬಳಿಯಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಈ ಕಾಳು ಕಂಡರೆ ನನಗೆ ಎದುರು ಮನೆಯ ಪಂಜರ ನೆನಪಾಗುತ್ತದೆ. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ.

ಗುಬ್ಬಿ, ಕುಣಿಗಲ್ ಎಲ್ಲ ಸುತ್ತಿ ಕೊನೆಗೆ ತುಮಕೂರಿನಲ್ಲೇ ನಿವೃತ್ತಳಾದ ವಿಜ್ಞಾನದ ಮೇಡಂ ನಾನು. ನಿವೃತ್ತಿಯಾದರೂ ತಿದ್ದುವ ಚಟ ಹೋಗಲಿಲ್ಲ. ಅಂಗಡಿ ಬೋರ್ಡು, ಮದುವೆ ಕಾಗದ, ಪಕ್ಕದ ಮನೆಯವರ ಸಾರು, ಯಾವುದನ್ನೂ ಬಿಟ್ಟವಳಲ್ಲ. ಬೀಳ್ಕೊಡುಗೆಯಲ್ಲಿ ಸಿಕ್ಕ ಹಕ್ಕಿಗಳ ಪುಸ್ತಕವೊಂದು ಸೇರಿಕೊಂಡು ನನ್ನ ತಲೆ ಇನ್ನಷ್ಟು ತಿರುಗಿತ್ತು.

ಇಲ್ಲೇ ಮರಳೂರು ಬಡಾವಣೆಯಲ್ಲಿ ನಮ್ಮ ಎದುರು ಮನೆ ಟೈಲರ್ ರಹಮತ್ ಸಾಬರದು. ನನ್ನ ರವಿಕೆಗಳನ್ನೆಲ್ಲ ಹೊಲಿದವರು ಅವರೇ, ಅವರ ಮಗಳು ನನ್ನ ಶಿಷ್ಯೆ. ಒಂದು ದಿನ ಅವರ ಜಗಲಿಯಲ್ಲಿ ಪಂಜರ ಕಾಣಿಸಿತು. ಒಳಗೆ ಗುಬ್ಬಚ್ಚಿಗಿಂತ ಚಿಕ್ಕ ಎರಡು ಹಸಿರು ಹಕ್ಕಿಗಳು, ಸಣ್ಣ ದನಿಯಲ್ಲಿ ಹಾಡಿಕೊಂಡು ನವಣೆ ಒಡೆಯುತ್ತಿದ್ದವು. ನಮ್ಮ ಗೇಟಿನಿಂದಲೇ ಅವುಗಳ ಬೆನ್ನು ನೋಡಿದೆ. ಹಸಿರು ಮುನಿಯಾ, ನಮ್ಮ ದೇಶದ ಕಾಡುಹಕ್ಕಿ, ಪಂಜರದಲ್ಲಿಡುವುದು ಅಪರಾಧ ಎಂದು ತೀರ್ಮಾನಿಸಿದೆ. ಹೆಸರು ಹಾಕದೆ, ದುಂಡಗಿನ ಅಕ್ಷರದಲ್ಲಿ ಅರಣ್ಯ ಇಲಾಖೆಗೆ ದೂರು ಬರೆದು ಪೋಸ್ಟ್ ಮಾಡಿದೆ. ಅವತ್ತು ಊಟ ಎರಡು ತುತ್ತು ಜಾಸ್ತಿಯೇ ಸೇರಿತು.

ಒಂದು ವಾರದ ಮೇಲೆ ರಹಮತ್ ಸಾಬರೇ ನಮ್ಮ ಮನೆಗೆ ಬಂದರು.

"ಮೇಡಂ, ಯಾರೋ ಕಂಪ್ಲೇಂಟ್ ಕೊಟ್ಟವ್ರೆ. ಫಾರೆಸ್ಟ್ ಆಫೀಸ್ನೋರು ಬಂದು, ನೋಡ್ಬೇಕು ಅಂತ ಪಂಜರ ಸಮೇತ ತಗೊಂಡೋದ್ರು. ಅವು ನಮ್ ಕಡೇವಲ್ಲ, ಪೆಸಿಫಿಕ್ ಸಮುದ್ರದ ದ್ವೀಪದ್ವು. ಸಾಕೋರ ಹತ್ರ ರಸೀದಿ ಸಮೇತ ತಂದಿದೀನಿ. ನಾಲ್ಕು ಮೊಟ್ಟೆ ಇತ್ತು ಮೇಡಂ. ಗಾಬರಿಯಾದ್ರೆ ಕಾವಿಗೆ ಕೂರಲ್ಲ. ಬೇಗ ಬಿಡಿಸ್ಬೇಕು, ಒಂದು ಅರ್ಜಿ ಬರ್ಕೊಡಿ."

ಒಳಗೆ ಹೋಗಿ ಪುಸ್ತಕ ತೆಗೆದೆ. ನಮ್ಮ ಹಸಿರು ಮುನಿಯಾಕ್ಕೆ ಪಕ್ಕೆಯಲ್ಲಿ ಪಟ್ಟೆ, ಕೆಂಪು ಕೊಕ್ಕು. ಸಾಬರು ಫೋನಿನಲ್ಲಿ ತೋರಿಸಿದ ಹಕ್ಕಿಗೆ ನೀಲಿ ಮುಖ, ಕೆಂಪು ಬಾಲ. ರಸ್ತೆ ದಾಟಿದ್ದರೆ ಸಾಕಿತ್ತು, ಗೊತ್ತಾಗುತ್ತಿತ್ತು. ನನ್ನದೇ ದೂರಿನ ವಿರುದ್ಧ ನಾನೇ ಅರ್ಜಿ ಬರೆಯಲು ಕೂತೆ. ಸಾಬರು ಟೀ ಲೋಟ ಹಿಡಿದು ಕಾದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಸಕ್ಕರೆ ಸಾಕಾ?" ಎಂದು ಕೇಳಿದೆ.

ಹಕ್ಕಿಗಳು ವಾಪಸ್ ಬಂದವು. ಮೊಟ್ಟೆಗಳು ಅಷ್ಟರಲ್ಲಿ ತಣ್ಣಗಾಗಿದ್ದವು. ಹುಣಸೆ ಬೀಜಕ್ಕಿಂತ ತುಸು ದಪ್ಪಗಿದ್ದ ಬಿಳಿ ಮೊಟ್ಟೆಯೊಂದನ್ನು ಸಾಬರು ನನ್ನ ಅಂಗೈಯಲ್ಲಿಟ್ಟು ತೋರಿಸಿದರು. ಅಯ್ಯೋ ಪಾಪ ಎಂದೆ.

ನಾಚಿಕೆ ಅದೊಂದಕ್ಕೇ ಅಲ್ಲ. ಆ ಪಂಜರ ನಮ್ಮ ಪೈಕಿ ಯಾರದೋ ಜಗಲಿಯಲ್ಲಿದ್ದಿದ್ದರೆ ಒಳಗೆ ಹೋಗಿ, ಕಾಫಿ ಕುಡಿದು, ಇದ್ಯಾವ ಹಕ್ಕಿ ಎಂದು ಕೇಳುತ್ತಿದ್ದೆ. ಸಾಬರನ್ನು ಕೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಮೊದಲು ಗಮನಿಸಿ, ಆಮೇಲೆ ಬರೆಯಿರಿ ಎಂದು ಪಾಠ ಮಾಡಿದವಳು ನಾನು.

ಇವತ್ತು ಚೆಲ್ಲಿದ ಕಾಳು ಬಳಿದಿಟ್ಟು, ಉಳಿದ ನವಣೆಯ ಚೀಲ ಹಿಡಿದು ರಸ್ತೆ ದಾಟಿದೆ. ಸಾಬರು ಮಿಷನ್ ಮುಂದೆ ಕೂತಿದ್ದರು.

"ಸಾಬ್ರೇ, ಅವತ್ತು ಹಕ್ಕಿ ಮೇಲೆ ದೂರು ಕೊಟ್ಟಿದ್ದು ನಾನೇ."

ಅವರು ಹೊಲಿಗೆ ಮುಗಿಸಿ ದಾರ ಕತ್ತರಿಸಿದರು.

"ಗೊತ್ತು ಮೇಡಂ. ಅವತ್ತೇ ಪಂಜರದ ಹಿಂದೆ ಆಫೀಸಿಗೆ ಹೋಗಿದ್ದೆ, ಟೇಬಲ್ ಮೇಲೇ ಇತ್ತು ಕಾಗದ. ಮಗಳ ಮಾರ್ಕ್ಸ್ ಕಾರ್ಡಲ್ಲಿ ಎಷ್ಟು ವರ್ಷ ನೋಡಿದೀನಿ ನಿಮ್ ಅಕ್ಷರಾನ."

"ಗೊತ್ತಿದ್ದೂ ನನ್ನ ಹತ್ರಾನೇ ಬಂದ್ರಾ?"

"ಹಿಡಿಸ್ಕೊಟ್ಟೋರೇ ಬಿಡಿಸ್ಲಿ ಅಂತ ಬಂದೆ. ಟೀ ಕುಡೀತಾ ಕಾಯ್ತಾ ಇದ್ದೆ, ಈಗ ಹೇಳ್ತೀರ, ಈಗ ಹೇಳ್ತೀರ ಅಂತ."

ಚೀಲ ಮುಂದಿಟ್ಟೆ. ಅವರು ಬಿಚ್ಚಿ ನೋಡಿ ಹಿಂದಕ್ಕೆ ತಳ್ಳಿದರು.

"ಇದು ಸಿಪ್ಪೆ ತೆಗ್ದಿರೋದು ಮೇಡಂ. ಅವಕ್ಕೆ ಸಿಪ್ಪೆ ಇರೋದೇ ಬೇಕು."

ಇದನ್ನೂ ಕೇಳದೆಯೇ ತಂದಿದ್ದೆ.

"ಎಲ್ಲಿ ಸಿಗುತ್ತೆ?" ಎಂದು ಕೇಳಿದೆ. ಸಾಬರು ನನ್ನನ್ನೊಮ್ಮೆ ನೋಡಿ, ಜಗಲಿಯ ಸ್ಟೂಲು ನನ್ನ ಕಡೆ ಸರಿಸಿದರು.