ಕಾಪಿಸ್‌ನಿಂದ ಬಂದವಳು

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದೆ ಒಂದು ಹಳೇ ಕಟ್ಟಡದ ಕೋಣೆಯಲ್ಲಿ ನಾವು ಮೂವರು ಹೆಂಗಸರಿದ್ದೆವು. ನಾನು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುವವಳು. ಉಳಿದಿಬ್ಬರು ಫಿಲಿಪೀನ್ಸಿನವರು. ಒಬ್ಬಳು ಬ್ಯೂಟಿ ಪಾರ್ಲರಿನವಳು, ಬಸುರಿ. ಅವಳ ಗಂಡನಿಗೆ ದುಬೈ ಕಡೆಯ ಜೆಬೆಲ್ ಅಲಿಯ ಗೋದಾಮಿನಲ್ಲಿ ಕೆಲಸ, ಕಂಪನಿ ಕ್ಯಾಂಪಿನಲ್ಲೇ ವಾಸ. ಇನ್ನೊಬ್ಬಳು ಹೋಟೆಲಿನ ಲಾಂಡ್ರಿಯವಳು, ಎಲ್ಲರಿಗಿಂತ ಚಿಕ್ಕವಳು, ಮಾತು ಕಡಿಮೆ. ಇಬ್ಬರೂ ನನ್ನನ್ನು ‘ಆತೆ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ.

ಭಾನುವಾರ ಊಟವಾದ ಮೇಲೆ ಪಾರ್ಲರಿನವಳ ಲ್ಯಾಪ್‌ಟಾಪಿನಲ್ಲಿ ಅವರ ದೇಶದ ದೆವ್ವದ ಸಿನಿಮಾ. ಯಾವುದನ್ನು ಹಾಕಿದರೂ ಅದೇ ಅಸ್ವಾಂಗ್. ಹಗಲಿನಲ್ಲಿ ಅದು ಎಲ್ಲರಂತೆ ಒಬ್ಬ ಹೆಂಗಸು, ಸಂತೆಗೂ ಹೋಗುತ್ತಾಳೆ, ಚರ್ಚಿಗೂ ಹೋಗುತ್ತಾಳೆ. ರಾತ್ರಿಯಾದರೆ ಸೊಂಟದಲ್ಲಿ ಎರಡು ತುಂಡು. ಕಾಲಿನ ಭಾಗ ಬಾಳೆಯ ಮರೆಯಲ್ಲಿ ನಿಂತೇ ಇರುತ್ತದೆ. ಮೇಲಿನ ಭಾಗ ಬಾವಲಿಯ ರೆಕ್ಕೆ ಬಿಚ್ಚಿ ಹಾರಿ, ಬಸುರಿಯ ಮನೆಯ ಮಾಡಿನ ಮೇಲೆ ಕೂತು, ದಾರದಂಥ ನಾಲಗೆ ಇಳಿಸಿ ಹೊಟ್ಟೆಯ ಕೂಸನ್ನು ಹೀರುತ್ತದೆ. ನಿಂತ ಅರ್ಧಕ್ಕೆ ಉಪ್ಪು ಸುರಿದರೆ ಮಾತ್ರ ಅದಕ್ಕೆ ಸಾವು. ನನಗೋ ಭಯಕ್ಕಿಂತ ನಗುವೇ ಹೆಚ್ಚು. ನಿಮ್ಮದಕ್ಕಿಂತ ನಮ್ಮ ತುಳುನಾಡಿನ ಕುಲೆಗಳೇ, ಸತ್ತವರ ಪ್ರೇತಗಳೇ ವಾಸಿ, ಎಲೆಯಲ್ಲಿ ಬಡಿಸಿಟ್ಟರೆ ತಿಂದು ಸುಮ್ಮನಾಗುತ್ತವೆ ಎಂದು ತಮಾಷೆ ಮಾಡುತ್ತಿದ್ದೆ.

ಸಿನಿಮಾದಲ್ಲಿ ಕಾಪಿಸ್ ಎಂಬ ಪ್ರಾಂತ್ಯದ ಹೆಸರು ಬಂದರೆ ಸಾಕು, ಬಸುರಿ ನನ್ನ ತೋಳು ಹಿಡಿದು, ‘ಅದು ಅಸ್ವಾಂಗ್‌ಗಳ ತವರು ಆತೆ. ಅಲ್ಲಿಯವರ ಮನೆಯಲ್ಲಿ ಮಾಂಸ ಮುಟ್ಟಬಾರದು’ ಎನ್ನುತ್ತಿದ್ದಳು. ಆಗೆಲ್ಲ ಲಾಂಡ್ರಿಯವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಹೆದರುಪುಕ್ಕಲಿ ಎಂದುಕೊಂಡಿದ್ದೆ ನಾನು.

ಆದರೆ ಬಸುರಿಯನ್ನು ಅವಳು ನೋಡಿಕೊಂಡಷ್ಟು ಸ್ವಂತ ತಂಗಿಯೂ ನೋಡಿಕೊಳ್ಳಲಾರಳು. ಡ್ಯೂಟಿ ಮುಗಿಸಿ ಬಂದವಳೇ ಕೋಳಿಗೆ ಶುಂಠಿ, ನುಗ್ಗೆಸೊಪ್ಪು ಹಾಕಿ ಸಾರು ಕಾಯಿಸುವಳು. ಬಾತ ಕಾಲು ತಿಕ್ಕುವಳು. ತಾನು ಮಲಗುತ್ತಿದ್ದ ಕಿಟಕಿ ಪಕ್ಕದ ಮಂಚವನ್ನೂ ಅವಳಿಗೇ ಬಿಟ್ಟುಕೊಟ್ಟಳು. ಊರಲ್ಲಿದ್ದ ತನ್ನ ತಾಯಿಗೆ ಹೇಳಿ ಹುಟ್ಟಲಿರುವ ಮಗುವಿನ ಹೆಸರಿನಲ್ಲಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿಸಿದಳು. ತಾಯಿ ಅದರ ವಿಡಿಯೋ ಕಳಿಸಿದಾಗ ಖುಷಿಯಿಂದ ಓಡಿಬಂದು ಬಸುರಿಗೆ ತೋರಿಸಿದಳು.

ಬಸುರಿ ನೋಡಿದಳು. ಮುಖದ ಮೇಲಿನ ನಗು ಹಾಗೇ ಇಂಗಿತು.

‘ಇದು ದೊಡ್ಡ ಗಂಟೆಯ ಚರ್ಚಲ್ಲವಾ? ಕಾಪಿಸ್‌ನದ್ದು? ನೀನು ಪಕ್ಕದ ಪ್ರಾಂತ್ಯದವಳು ಅಂದಿದ್ದೆ.’

ಲಾಂಡ್ರಿಯವಳು ಫೋನು ಹಿಂದಕ್ಕೆ ತೆಗೆದುಕೊಂಡಳು. ‘ನಿಜ ಹೇಳಿದರೆ ಯಾರೂ ನನ್ನ ಜೊತೆ ಊಟ ಮಾಡುವುದಿಲ್ಲ’ ಎಂದಳು, ಅಷ್ಟೇ.

ಅಂದಿನಿಂದ ಸಾರು ಪಾತ್ರೆಯಲ್ಲೇ ಆರಿತು. ಅಸ್ವಾಂಗ್ ಹತ್ತಿರ ಸುಳಿಯದಂತೆ ಬಸುರಿಯ ಮಂಚದ ಸರಳಿಗೆ ಬೆಳ್ಳುಳ್ಳಿಯ ಗೊಂಚಲು ಬಂತು. ಒಂದು ಬೆಳಿಗ್ಗೆ ಲಾಂಡ್ರಿಯವಳ ಮಂಚದ ಕೆಳಗೆ ಉಪ್ಪು ಚೆಲ್ಲಿತ್ತು. ಆ ಹುಡುಗಿ ಪೊರಕೆ ತಂದು ತಾನೇ ಗುಡಿಸಿದಳು. ನನಗೆ ಪಿತ್ತ ನೆತ್ತಿಗೇರಿತು. ‘ನಿನಗೆ ತಲೆ ಸರಿ ಉಂಟಾ ಮಾರಾಯ್ತಿ?’ ಎಂದು ಬಸುರಿಯ ಮೇಲೆ ಕನ್ನಡದಲ್ಲೇ ರೇಗಿದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷು ಬಾರದು. ಊರಿಗೆ ಫೋನು ಮಾಡಿ ಅಮ್ಮನ ಹತ್ತಿರ ಹೇಳಿಕೊಂಡರೆ ಅವರದ್ದು ಬೇರೆಯೇ ರಾಗ.

‘ಎಂತಕ್ಕೂ ನೀನು ಜಾಗ್ರತೆ ಮಗಾ. ಬೆಂಕಿ ಇಲ್ಲದೆ ಹೊಗೆ ಬರ್ತದಾ?’

‘ಅದು ಸಿನಿಮಾದವರು ಹಾಕಿದ ಹೊಗೆ ಅಮ್ಮ.’

‘ಆದ್ರೂ ಬಸುರಿ ಇರುವ ಕೋಣೆ ಅಲ್ವಾ’ ಎಂದರು. ನಾನು ಫೋನು ಇಟ್ಟೆ.

ಕೆಲವೇ ದಿನಗಳಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಬಸುರಿಗೆ ರಕ್ತ ಹೋಗಲು ಶುರುವಾಯಿತು. ನಾನು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಲಾಂಡ್ರಿಯವಳು ಆಂಬುಲೆನ್ಸಿಗೆ ಫೋನು ಮಾಡಿ, ಟವೆಲು ಮಡಚಿ ಹಿಡಿದು ಮಂಚದ ಪಕ್ಕ ಮಂಡಿಯೂರಿದ್ದಳು. ‘ಮುಟ್ಟಬೇಡ, ಮುಟ್ಟಬೇಡ’ ಎಂದು ಬಸುರಿ ಅವಳನ್ನು ಕಾಲಿನಿಂದ ಒದೆಯುತ್ತಿದ್ದಳು. ಒದೆ ತಿನ್ನುತ್ತಲೇ ಅವಳು ಟವೆಲು ಒತ್ತಿಹಿಡಿದಳು.

ಮಗು ಉಳಿಯಲಿಲ್ಲ. ಗರ್ಭಕೋಶದ ಬಾಯಿ ಸಡಿಲವಾಗಿತ್ತು, ಯಾರದ್ದೂ ತಪ್ಪಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಸ್ಪತ್ರೆಯಿಂದ ಬಂದವಳು ಕೋಣೆಯ ಒಳಗೆ ಕಾಲಿಡಲಿಲ್ಲ. ‘ಅವಳು ಹೊರಗೆ ಹೋಗಲಿ, ಆಮೇಲೆ ಬರುತ್ತೇನೆ’ ಎಂದು ಬಾಗಿಲಲ್ಲೇ ನಿಂತಳು. ಅವಳನ್ನು ದೂರಲೂ ನನಗೆ ಮನಸ್ಸಾಗಲಿಲ್ಲ. ಹೊಟ್ಟೆಯ ಕೂಸು ಹೋದವಳಿಗೆ ಶಪಿಸಲು ಒಂದು ಮುಖ ಬೇಕಿತ್ತು, ಸಿನಿಮಾ ಆ ಮುಖವನ್ನು ಮೊದಲೇ ತೋರಿಸಿಕೊಟ್ಟಿತ್ತು. ಫ್ಲ್ಯಾಟು ಬಾಡಿಗೆಗೆ ಹಿಡಿದು ನಮಗೆ ಮಂಚ ಕೊಟ್ಟಿದ್ದ ಹೆಂಗಸಿನ ಹತ್ತಿರ ನಾನು ಜಗಳವಾಡಿದೆ. ‘ಉಳಿದ ಕೋಣೆಯವರೂ ಹೆದರಿದ್ದಾರೆ. ಖಲಾಸ್’ ಎಂದಳು ಅವಳು.

ಲಾಂಡ್ರಿಯವಳು ಸೂಟ್‌ಕೇಸು ತುಂಬಿಕೊಂಡಳು. ನಾನು ಅವಳ ಜೊತೆ ಕೆಳಗಿಳಿದು ಟ್ಯಾಕ್ಸಿಗೆ ಕಾದೆ. ಎಲ್ಲಿಗೆ ಹೋಗುತ್ತೀ ಎಂದು ಕೇಳಿದೆ. ಲಾಂಡ್ರಿಯ ಸೂಪರ್‌ವೈಸರು ಸ್ಟಾಫ್ ರೂಮಿನಲ್ಲಿ ಒಂದೆರಡು ದಿನ ಜಾಗ ಕೊಟ್ಟಿದ್ದಾರೆ ಎಂದಳು. ‘ಅವರೆಲ್ಲ ಹುಚ್ಚರು, ನೀನು ತಲೆಗೆ ಹಾಕ್ಕೊಳ್ಬೇಡ’ ಎಂದೆ.

ಅವಳು ಸೂಟ್‌ಕೇಸು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

‘ಆತೆ, ನಿಮ್ಮ ಮಂಚ ನನ್ನ ಎದುರಿಗಿತ್ತು. ಆ ರಾತ್ರಿ ನಾನು ಮಂಚದಲ್ಲಿದ್ದದ್ದು ನೀವು ನೋಡಿದ್ದೀರಾ?’

ಆ ರಾತ್ರಿ ನಾನು ಹೊದ್ದು ಮಲಗಿದವಳು ಬೆಳಗಿನ ಜಾವ ಬಸುರಿಯ ಕೂಗಿಗೇ ಎದ್ದದ್ದು. ‘ನೋಡಿದ್ದೇನೆ. ಒಳ್ಳೆ ನಿದ್ದೆಯಲ್ಲಿದ್ದಿ’ ಎಂದೆ.

ಟ್ಯಾಕ್ಸಿ ಬಂದು ನಿಂತಿತು. ಅವಳು ಬಾಗಿಲು ತೆಗೆಯಲಿಲ್ಲ.

‘ಪೂರ್ತಿ ಇದ್ದೆನಾ?’ ಎಂದು ಕೇಳಿದಳು.